ಕ್ಯೂಬ್ಸ್ ಓಎಸ್‌ನಲ್ಲಿ ಬ್ಯಾಕಪ್: ನಂಬಿಕೆ ಎಲ್ಲಿಡಬೇಕು?

ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ಕನ್ನಡಿಗ ಗೆಳೆಯರ ಮುಂದೆ ಆಡಿದ ಮಾತುಗಳ ಬರಹ ರೂಪ ಇದು.

ಬ್ಯಾಕಪ್ ಅಂದ ಕೂಡಲೇ ಎಲ್ಲರ ತಲೆಗೆ ಬರುವ ಪ್ರಶ್ನೆ ಒಂದೇ. ಲ್ಯಾಪ್‌ಟಾಪ್ ಕೆಟ್ಟರೆ ಏನು ಮಾಡುವುದು? ಅದು ಸರಿಯಾದ ಪ್ರಶ್ನೆಯೇ. ಇವತ್ತು ಅದರ ಜೊತೆಗೆ ಇನ್ನೊಂದನ್ನೂ ಕೇಳಿಕೊಳ್ಳೋಣ. ಆ ಬ್ಯಾಕಪ್ ಬೇರೆಯವರ ಕೈಗೆ ಸಿಕ್ಕರೆ ಏನಾಗುತ್ತದೆ?

ಇಲ್ಲಿ ವಕೀಲರಿದ್ದೀರಿ. ಪತ್ರಕರ್ತರಿದ್ದೀರಿ. ಮನೆಯಲ್ಲೇ ಕೂತು ಬೆಂಗಳೂರಿನ ಕಂಪನಿಗಳಿಗೆ ಕೆಲಸ ಮಾಡುವ ಹುಡುಗರು, ಹುಡುಗಿಯರು ಇದ್ದೀರಿ. ನಿಮ್ಮೆಲ್ಲರ ಲ್ಯಾಪ್‌ಟಾಪ್‌ನಲ್ಲೂ ಬೇರೆಯವರ ಗುಟ್ಟು ಉಂಟು. ನಮ್ಮ ಜಿಲ್ಲೆಯ ಜಮೀನು ಕಾಗದಗಳನ್ನೇ ತೆಗೆದುಕೊಳ್ಳಿ. 1956ರ ನವೆಂಬರ್ 1ರ ತನಕ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಭಾಗ, ಆಮೇಲೆ ಕೇರಳ. ಅಜ್ಜನ ಕಾಲದ ಎಷ್ಟೋ ಕಾಗದ ಕನ್ನಡದಲ್ಲಿ, ಈಗಿನ ಕಾಗದ ಮಲಯಾಳದಲ್ಲಿ. ಪಾಲು ಪಟ್ಟಿಯ ತಕರಾರು ಬಂದಾಗ ಕಕ್ಷಿದಾರರು ಎರಡನ್ನೂ ತಂದು ವಕೀಲರ ಮೇಜಿನ ಮೇಲಿಡುತ್ತಾರೆ. ಸ್ಕ್ಯಾನ್ ಆಗಿ ಅದೆಲ್ಲ ಒಂದು ಲ್ಯಾಪ್‌ಟಾಪ್‌ಗೆ ಸೇರುತ್ತದೆ. ಅದು ಕಳೆಯಲೂಬಾರದು, ಎದುರು ಪಕ್ಷದವರಿಗೆ ಸಿಗಲೂಬಾರದು.

ನಿಮ್ಮಲ್ಲಿ ಕೆಲವರು ಇದಕ್ಕಾಗಿಯೇ ಕ್ಯೂಬ್ಸ್ ಓಎಸ್ ಹಾಕಿಕೊಂಡಿದ್ದೀರಿ. ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. ಜೊವಾನಾ ರುಟ್ಕೊವ್ಸ್ಕಾ ಎಂಬ ಪೋಲೆಂಡಿನ ಸುರಕ್ಷತಾ ಸಂಶೋಧಕಿ 2010ರಲ್ಲಿ ಹೊರಗೆ ತಂದ ಆಪರೇಟಿಂಗ್ ಸಿಸ್ಟಮ್ ಇದು, ವಿಂಡೋಸ್ ಇದ್ದ ಹಾಗೆ. ಮೊದಲ ಪೂರ್ಣ ಆವೃತ್ತಿ ಬಂದದ್ದು 2012ರಲ್ಲಿ. ಯಾವ ಸಾಫ್ಟ್‌ವೇರ್‌ನಲ್ಲೂ ತಪ್ಪು ಇದ್ದೇ ಇರುತ್ತದೆ, ಒಂದಲ್ಲ ಒಂದು ದಿನ ಯಾರೋ ನುಗ್ಗಿಯೇ ನುಗ್ಗುತ್ತಾರೆ ಎಂದು ಒಪ್ಪಿಕೊಂಡು ಕಟ್ಟಿದ ವ್ಯವಸ್ಥೆ ಇದು. ನುಗ್ಗಿದವರು ಒಂದೇ ಕಡೆ ಸಿಕ್ಕಿಬೀಳುವ ಹಾಗೆ ಮಾಡುವುದೇ ಇದರ ಕೆಲಸ. ಅದಕ್ಕಾಗಿ ಒಂದೇ ಲ್ಯಾಪ್‌ಟಾಪ್‌ನೊಳಗೆ ಹಲವು ವರ್ಚುವಲ್ ಮೆಷೀನ್‌ಗಳು, ಅಂದರೆ ಬೇರೆ ಬೇರೆ ಕಂಪ್ಯೂಟರ್‌ಗಳಂತೆ ನಡೆದುಕೊಳ್ಳುವ ಪ್ರೋಗ್ರಾಮ್‌ಗಳು, ಓಡುತ್ತವೆ. ಅವುಗಳಿಗೆ ಇಲ್ಲಿ ಕ್ಯೂಬ್ ಎಂದು ಹೆಸರು. ಅಡಿಯಲ್ಲಿ ಅವನ್ನು ಬೇರೆ ಬೇರೆಯಾಗಿ ಓಡಿಸುವ ಝೆನ್ ಎಂಬ ಹೈಪರ್‌ವೈಸರ್ ಇರುತ್ತದೆ. ಬ್ಯಾಂಕ್ ಕೆಲಸಕ್ಕೆ ಒಂದು ಕ್ಯೂಬ್, ಕಚೇರಿಗೆ ಒಂದು, ಸುಮ್ನೆ ವೆಬ್ ನೋಡಲು ಇನ್ನೊಂದು. ಪಾಸ್‌ವರ್ಡ್‌ಗಳನ್ನು ಇಡುವ ‘ವಾಲ್ಟ್’ ಎಂಬ ಕ್ಯೂಬ್‌ಗೆ ಇಂಟರ್ನೆಟ್ಟೇ ಇಲ್ಲ. ಯುಎಸ್‌ಬಿಗೆ ಏನು ಚುಚ್ಚಿದರೂ ಅದು ‘ಸಿಸ್-ಯುಎಸ್‌ಬಿ’ ಎಂಬ ಪ್ರತ್ಯೇಕ ಕ್ಯೂಬ್‌ಗೆ ಹೋಗುತ್ತದೆ. ಇವೆಲ್ಲವನ್ನೂ ಆಳುವುದು ‘ಡಾಮ್‌ಝೀರೋ’. ಅದಕ್ಕೂ ಇಂಟರ್ನೆಟ್ ಕೊಟ್ಟಿಲ್ಲ. ಅದು ಕೈತಪ್ಪಿದರೆ ಎಲ್ಲವೂ ಕೈತಪ್ಪಿತು ಎಂದೇ ಲೆಕ್ಕ.

ಈಗ ಬ್ಯಾಕಪ್‌ಗೆ ಬನ್ನಿ. ವರ್ಷವಿಡೀ ಇಷ್ಟು ಕಷ್ಟಪಟ್ಟು ಬೇರೆ ಬೇರೆ ಇಟ್ಟಿದ್ದೀರಿ. ಬ್ಯಾಕಪ್ ಮಾಡುವ ದಿನ ಅಷ್ಟೂ ಒಂದೇ ಫೈಲ್‌ನಲ್ಲಿ ಸೇರುತ್ತದೆ. ಕಕ್ಷಿದಾರರ ಕಾಗದ, ಬ್ಯಾಂಕಿನ ವಿವರ, ವಾಲ್ಟ್‌ನ ಪಾಸ್‌ವರ್ಡ್‌ಗಳು, ಎಲ್ಲ. ಆ ಫೈಲ್ ಹೋಗುವುದಾದರೂ ಎಲ್ಲಿಗೆ? ಯುಎಸ್‌ಬಿ ಡಿಸ್ಕ್‌ಗೆ. ಅಂದರೆ ಸಿಸ್-ಯುಎಸ್‌ಬಿಯ ಮೂಲಕ. ಹೊರಗಿನ ಸಾಧನಗಳೆಲ್ಲ ಬಂದು ಹೋಗುವ ಜಾಗ, ಕ್ಯೂಬ್ಸ್ ತಾನೇ ನಂಬದ ಜಾಗ ಅದು.

ಹಾಗಾಗಿ ಎನ್‌ಕ್ರಿಪ್ಟ್ ಆಗುವುದು, ಅಂದರೆ ಕೀಲಿ ಇಲ್ಲದವರಿಗೆ ಓದಲು ಬಾರದ ಹಾಗೆ ಆಗುವುದು, ಎಲ್ಲಿ ಎಂಬುದು ಮುಖ್ಯ. ಕೆಲವರು ಹೇಳುತ್ತಾರೆ, ನನ್ನ ಡಿಸ್ಕೇ ಎನ್‌ಕ್ರಿಪ್ಟೆಡ್, ಅದರ ಮೇಲೆ ಬರೆದರಾಯಿತು ಅಂತ. ಆದರೆ ಆ ಡಿಸ್ಕ್ ಬೀಗ ತೆಗೆದುಕೊಳ್ಳುವುದು ಸಿಸ್-ಯುಎಸ್‌ಬಿಯೊಳಗೆ ಆದರೆ, ಅಲ್ಲಿ ಕೂತವನಿಗೆ ನಿಮ್ಮ ಡಾಟಾ ಬಿಚ್ಚಿಟ್ಟ ಹಾಗೆಯೇ ಕಾಣುತ್ತದೆ. ಕ್ಯೂಬ್ಸ್‌ನ ಬ್ಯಾಕಪ್ ಹಾಗೆ ಮಾಡುವುದಿಲ್ಲ. ಡಾಮ್‌ಝೀರೋ ಒಳಗೇ ಪ್ರತಿ ಕ್ಯೂಬ್‌ನ ಡಾಟಾವನ್ನು ಓದುತ್ತದೆ, ಕುಗ್ಗಿಸುತ್ತದೆ, ತುಂಡು ಮಾಡುತ್ತದೆ, ಎನ್‌ಕ್ರಿಪ್ಟ್ ಮಾಡುತ್ತದೆ. ಆಮೇಲೆ ಮಾತ್ರ ಹೊರಗೆ ಕಳಿಸುತ್ತದೆ. ನಮ್ಮಲ್ಲಿ ಅಡಿಕೆ ಚೀಲದ ಬಾಯಿಯನ್ನು ಅಂಗಳದಲ್ಲೇ ಹೊಲಿದು ಲಾರಿಗೆ ಏರಿಸುತ್ತೇವೆ ಅಲ್ವಾ, ಹಾಗೆ. ಲಾರಿಯವನು ಯಾರಾದರೇನು, ಹೊಲಿಗೆ ಬಿಚ್ಚಿದರೆ ಗೊತ್ತಾಗುತ್ತದೆ.

ಹೊಲಿಗೆ ಬಿಚ್ಚಿದರೆ ಗೊತ್ತಾಗಬೇಕು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಎನ್‌ಕ್ರಿಪ್ಶನ್ ಅಂದರೆ ಬರೀ ಮುಚ್ಚಿಡುವುದು ಎಂದು ಅನೇಕರು ತಿಳಿದಿದ್ದಾರೆ. ಮುಚ್ಚಿದ ಫೈಲ್ ಅನ್ನು ಓದಲು ಬಾರದಿದ್ದರೂ ತಿದ್ದಲು ಬರಬಹುದು. ತಿದ್ದಿದ ಫೈಲ್ ವಾಪಸ್ ಬಂದು ಡಾಮ್‌ಝೀರೋದಲ್ಲಿ ಬಿಚ್ಚಿಕೊಂಡರೆ, ಬಿಚ್ಚುವ ಪ್ರೋಗ್ರಾಮ್‌ನಲ್ಲಿರುವ ಒಂದು ತಪ್ಪು ಸಾಕು, ಇಡೀ ಲ್ಯಾಪ್‌ಟಾಪ್ ಅವರದ್ದಾಗುತ್ತದೆ. ಅದಕ್ಕೇ ಇಲ್ಲಿ ರೀಸ್ಟೋರ್ ಮಾಡುವಾಗ, ಅಂದರೆ ಬ್ಯಾಕಪ್‌ನಿಂದ ವಾಪಸ್ ತರುವಾಗ, ಪ್ರತಿ ತುಂಡನ್ನೂ ಮೊದಲು ಪರೀಕ್ಷಿಸುತ್ತಾರೆ. ಅದು ನಿಮ್ಮ ಪಾಸ್‌ಫ್ರೇಸ್‌ನಿಂದಲೇ, ಅಂದರೆ ನೀವು ಕೊಟ್ಟ ಉದ್ದನೆಯ ಪಾಸ್‌ವರ್ಡ್‌ನಿಂದಲೇ, ಆದ ತುಂಡು ಹೌದಾ? ಹೌದಾದರೆ ಮಾತ್ರ ಒಳಗೇನಿದೆ ಎಂದು ನೋಡುವುದು. ಒಂದು ತುಂಡಿನ ಜಾಗಕ್ಕೆ ಅದೇ ಬ್ಯಾಕಪ್‌ನ ಇನ್ನೊಂದು ತುಂಡನ್ನು ಇಟ್ಟರೂ ಸಿಕ್ಕಿಬೀಳುತ್ತದೆ. ಯಾಕೆಂದರೆ ಪ್ರತಿ ತುಂಡಿನ ಕೀಲಿಯಲ್ಲಿ ನಿಮ್ಮ ಪಾಸ್‌ಫ್ರೇಸ್ ಜೊತೆಗೆ ಆ ಬ್ಯಾಕಪ್‌ನ ಗುರುತು ಮತ್ತು ಆ ತುಂಡಿನ ಹೆಸರು ಎರಡೂ ಸೇರಿರುತ್ತವೆ. ಇಷ್ಟು ಯೋಚಿಸಿ ಮಾಡಿದ್ದನ್ನು ನೋಡಿದರೆ ನನಗೆ ನಿಜವಾಗಿ ಗೌರವ ಬರುತ್ತದೆ.

ಬ್ಯಾಕಪ್‌ನ ಈಗಿನ ಈ ರೂಪ ಬಂದದ್ದು ಕ್ಯೂಬ್ಸ್‌ನ 4.0 ಆವೃತ್ತಿಯಲ್ಲಿ, 2018ರಲ್ಲಿ. ಹಿಂದಿನ ಆವೃತ್ತಿಗಳಲ್ಲಿ ಎನ್‌ಕ್ರಿಪ್ಟ್ ಮಾಡಲು ಓಪನ್‌ಎಸ್‌ಎಸ್‌ಎಲ್ ಎಂಬ ಸಾಧನ ಬಳಸುತ್ತಿದ್ದರು. ಈಗ ಎಸ್‌ಕ್ರಿಪ್ಟ್ ಎಂಬ ಪ್ರೋಗ್ರಾಮ್. ಕಾಲಿನ್ ಪರ್ಸಿವಲ್ ಎಂಬವರು ತಮ್ಮ ಟಾರ್‌ಸ್ನ್ಯಾಪ್ ಬ್ಯಾಕಪ್ ಸೇವೆಗಾಗಿ ಮಾಡಿ 2009ರಲ್ಲಿ ಲೋಕಕ್ಕೆ ಕೊಟ್ಟದ್ದು. ಬ್ಯಾಕಪ್‌ಗಾಗಿಯೇ ಹುಟ್ಟಿದ ಸಾಧನ ಅನ್ನಿ. ಪಾಸ್‌ವರ್ಡ್ ಊಹಿಸುವವರು ಸಾವಿರಾರು ಚಿಪ್‌ಗಳನ್ನು ಒಟ್ಟಿಗೆ ಓಡಿಸಿ ಊಹಿಸುತ್ತಾರೆ. ಎಸ್‌ಕ್ರಿಪ್ಟ್ ಪ್ರತಿ ಊಹೆಗೂ ಸಮಯ ಮಾತ್ರ ಕೇಳುವುದಲ್ಲ, ಮೆಮೊರಿಯನ್ನೂ ಜಾಸ್ತಿ ಕೇಳುತ್ತದೆ. ಹಾಗಾಗಿ ಸಾವಿರಾರು ಚಿಪ್ ಇಟ್ಟುಕೊಂಡವರಿಗೂ ಖರ್ಚು ಏರುತ್ತದೆ.

ಆದರೆ ಖರ್ಚು ಏರುತ್ತದೆ ಅಷ್ಟೆ. ಪಾಸ್‌ಫ್ರೇಸ್ ಬಡವಾಗಿದ್ದರೆ ಯಾವ ಎಸ್‌ಕ್ರಿಪ್ಟೂ ಕಾಪಾಡುವುದಿಲ್ಲ. ಬ್ಯಾಕಪ್ ಫೈಲ್ ಒಮ್ಮೆ ಹೊರಗೆ ಹೋದರೆ ಕಳ್ಳನಿಗೆ ಅವಸರವಿಲ್ಲ. ಮೂರು ಸಲ ತಪ್ಪಿದರೆ ಲಾಕ್ ಆಗುವುದಕ್ಕೆ ಅದು ಎಟಿಎಂ ಕಾರ್ಡ್ ಅಲ್ಲ ತಾನೇ. ವರ್ಷಗಟ್ಟಲೆ ಊಹಿಸಬಹುದು.

ನಮ್ಮಲ್ಲಿ ಪಾಸ್‌ವರ್ಡ್ ಅಂದರೆ ಮಗುವಿನ ಹೆಸರು, ಹುಟ್ಟಿದ ವರ್ಷ, ಮನೆ ದೇವರ ಹೆಸರು. ಸ್ವಲ್ಪ ಹುಷಾರಾದವರು ಯಕ್ಷಗಾನ ಪದ್ಯದ ಸಾಲೊಂದನ್ನು ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯುತ್ತಾರೆ. ಇಲ್ಲಿ ತಾಳಮದ್ದಳೆಯ ಅಭಿಮಾನಿಗಳು ತುಂಬ ಇದ್ದೀರಿ, ಬೇಜಾರು ಮಾಡಬೇಡಿ. ಪದ್ಯ, ಗಾದೆ, ವಚನ ಯಾವುದೂ ಬೇಡ. ಪುಸ್ತಕದಲ್ಲಿ ಇರುವುದೆಲ್ಲ ಊಹಿಸುವ ಯಂತ್ರಕ್ಕೂ ಸಿಗುತ್ತದೆ. ಗಟ್ಟಿ ದಾರಿ ದಾಳದ್ದು. 7776 ಪದಗಳ ಪಟ್ಟಿ ಸಿಗುತ್ತದೆ. ಐದು ದಾಳ ಎಸೆದರೆ ಬರುವ ಸಾಧ್ಯತೆಗಳೂ ಅಷ್ಟೇ. ಎಸೆದು, ಬಂದ ಅಂಕಿಯ ಎದುರಿನ ಪದ ಬರೆದುಕೊಳ್ಳಿ. ಅಂಥ ಆರು ಪದ ಸೇರಿದರೆ ಸುಮಾರು 77 ಬಿಟ್‌ನಷ್ಟು ಬಲ, ಅಂದರೆ ಎರಡನ್ನು 77 ಸಲ ಇಟ್ಟು ಗುಣಿಸಿದಷ್ಟು ಸಾಧ್ಯತೆಗಳು. ಪದಗಳಿಗೆ ಅರ್ಥ ಹೊಂದದಿದ್ದರೆ ಒಳ್ಳೆಯದೇ. ಹೊಂದಿಸಲು ಹೋಗಿ ಪದ ಬದಲಿಸಬೇಡಿ.

ಕನ್ನಡ ಪದಗಳನ್ನೇ ಇಟ್ಟುಕೊಳ್ಳಬಾರದಾ ಎಂದು ಒಬ್ಬರು ಕೇಳಿದರು. ಆಸೆ ನನಗೂ ಉಂಟು. ಆದರೆ ಡಾಮ್‌ಝೀರೋದಲ್ಲಿ ನೀವು ಹೊಡೆಯುವುದು ಇಂಗ್ಲಿಷ್ ಅಕ್ಷರ. ‘ಹಾಲು’ ಎಂದು ಬರೆಯಲು ಒಂದು ಎ ಸಾಕಾ, ಎರಡು ಬೇಕಾ? ‘ಹಳ್ಳ’ಕ್ಕೆ ದೊಡ್ಡ ಎಲ್ ಹಾಕಿದ್ದೆನಾ, ಸಣ್ಣದಾ? ವಾಟ್ಸಾಪ್‌ನಲ್ಲಿ ನಾವೇ ದಿನಕ್ಕೊಂದು ಥರ ಬರೆಯುತ್ತೇವೆ. ಎರಡು ವರ್ಷ ಬಿಟ್ಟು ರೀಸ್ಟೋರ್ ಮಾಡುವ ದಿನ ಪದ ನೆನಪಿದ್ದು ಕಾಗುಣಿತ ಮರೆತಿರುತ್ತದೆ. ಕನ್ನಡವೇ ಬೇಕು ಅಂದರೆ ಹೊಡೆದ ಅಕ್ಷರಗಳನ್ನು ಹಾಗೆ ಹಾಗೆಯೇ ಕಾಗದದಲ್ಲಿ ಬರೆದಿಡಿ. ಅಷ್ಟು ಶಿಸ್ತು ಆಗದವರು ಇಂಗ್ಲಿಷ್ ಪಟ್ಟಿಯೇ ಬಳಸಿ. ಇನ್ನೊಂದು ಮಾತು. ಲ್ಯಾಪ್‌ಟಾಪ್ ಶುರುವಾಗುವಾಗ ಕೇಳುವ ಡಿಸ್ಕ್ ಪಾಸ್‌ಫ್ರೇಸ್ ಬೇರೆ, ಬ್ಯಾಕಪ್‌ನದ್ದು ಬೇರೆ. ಎರಡಕ್ಕೂ ಒಂದನ್ನೇ ಇಡಬೇಡಿ.

ಏನೇನು ಸೇರಿಸಬೇಕು? ಬ್ಯಾಕಪ್ ಕಿಟಕಿ ತೆರೆದರೆ ಕ್ಯೂಬ್‌ಗಳ ಪಟ್ಟಿ ಬರುತ್ತದೆ. ವೈಯಕ್ತಿಕ, ಕಚೇರಿ, ವಾಲ್ಟ್, ಇವು ಬೇಕೇ ಬೇಕು. ಕ್ಯೂಬ್‌ಗಳಿಗೆ ಅಚ್ಚಿನಂತಿರುವ ಫೆಡೋರಾ, ಡೆಬಿಯನ್ ಟೆಂಪ್ಲೇಟ್‌ಗಳನ್ನು ನೀವು ಮುಟ್ಟದೆ ಹಾಗೇ ಇಟ್ಟಿದ್ದರೆ ಬಿಟ್ಟುಬಿಡಿ, ಮತ್ತೆ ಇಳಿಸಿಕೊಳ್ಳಬಹುದು. ಕನ್ನಡ ಫಾಂಟ್, ಪ್ರಿಂಟರ್ ಡ್ರೈವರ್ ಅಂತ ಏನೇನೋ ಸೇರಿಸಿದ್ದರೆ ಅದನ್ನೂ ಬ್ಯಾಕಪ್ ಮಾಡಿ. ಕೊನೇ ಪಕ್ಷ ಏನೇನು ಹಾಕಿದ್ದೀರಿ ಎಂಬ ಪಟ್ಟಿಯನ್ನು ವಾಲ್ಟ್‌ನಲ್ಲಿಡಿ. ಡಾಮ್‌ಝೀರೋ ಎಂಬ ಹೆಸರೂ ಪಟ್ಟಿಯಲ್ಲಿರುತ್ತದೆ. ಅದನ್ನು ಆರಿಸಿದರೆ ಇಡೀ ಡಾಮ್‌ಝೀರೋ ಬಂತು ಎಂದು ತಿಳಿಯಬೇಡಿ. ಬರುವುದು ನಿಮ್ಮ ಹೋಮ್ ಫೋಲ್ಡರ್ ಮಾತ್ರ. ಯಾವ ಕ್ಯೂಬ್ ಯಾವುದಕ್ಕೆ ಫೈಲ್ ಕಳಿಸಬಹುದು ಎಂದು ನೀವು ಬರೆದ ಪಾಲಿಸಿಗಳು ಹೋಮ್‌ನಲ್ಲಿಲ್ಲ, ಇಟಿಸಿ ಫೋಲ್ಡರ್‌ನಲ್ಲಿವೆ. ಬ್ಯಾಕಪ್‌ಗೆ ಮೊದಲು ಅವನ್ನು ಹೋಮ್‌ಗೆ ಒಂದು ಪ್ರತಿ ತೆಗೆದಿಡಿ.

ಇಲ್ಲಿ ಒಂದು ವಿಷಯವನ್ನು ಬರೆದುಕೊಳ್ಳಿ. ನಿಮ್ಮಲ್ಲಿ ಬಹಳ ಜನ ಲ್ಯಾಪ್‌ಟಾಪ್ ಆಫ್ ಮಾಡುವುದೇ ಇಲ್ಲ. ಮುಚ್ಚಿ ಇಡುತ್ತೀರಿ, ತೆರೆಯುತ್ತೀರಿ. ಕಚೇರಿಯ ಕ್ಯೂಬ್ ವಾರಗಟ್ಟಲೆ ಓಡುತ್ತಲೇ ಇರುತ್ತದೆ. ಓಡುತ್ತಿರುವ ಕ್ಯೂಬ್ ಅನ್ನು ಬ್ಯಾಕಪ್‌ಗೆ ಹಾಕಿದರೆ ಕ್ಯೂಬ್ಸ್ ಬೇಡ ಅನ್ನುವುದಿಲ್ಲ. ಆದರೆ ಅದು ತೆಗೆದುಕೊಳ್ಳುವುದು ಆ ಕ್ಯೂಬ್ ಶುರುವಾಗುವ ಮೊದಲು ಇದ್ದ ಸ್ಥಿತಿಯನ್ನು. ಅಂದರೆ ಏಪ್ರಿಲ್‌ನ ವಿಷುವಿನ ದಿನ ಶುರು ಮಾಡಿದ ಕ್ಯೂಬ್ ಮೇ ಕೊನೆಯ ಪತ್ತನಾಜೆಯ ತನಕ ಓಡುತ್ತಿದ್ದು, ಅವತ್ತು ಬ್ಯಾಕಪ್ ಮಾಡಿದಿರಿ ಅಂತಿಟ್ಟುಕೊಳ್ಳಿ. ನಡುವೆ ಮಾಡಿದ ಕೆಲಸ ಯಾವುದೂ ಆ ಬ್ಯಾಕಪ್‌ನಲ್ಲಿ ಇರುವುದಿಲ್ಲ! ಪ್ರೋಗ್ರಾಮ್ ಇದನ್ನು ಪಟ್ಟಿಯಲ್ಲಿ ಹೇಳುತ್ತದೆ. ಓದದೆ ಮುಂದೆ ಒತ್ತುವವರೇ ಜಾಸ್ತಿ. ಬರೆಯುತ್ತಿರುವ ಫೈಲ್ ಅರ್ಧಂಬರ್ಧ ಸೇರಬಾರದು ಎಂದು ಹೀಗೆ ಮಾಡಿದ್ದಾರೆ, ಅದು ಸರಿಯೂ ಹೌದು. ನೀವು ಮಾಡಬೇಕಾದ್ದು ಇಷ್ಟೇ. ಬ್ಯಾಕಪ್‌ಗೆ ಮೊದಲು ಬೇಕಾದ ಕ್ಯೂಬ್‌ಗಳನ್ನು ಶಟ್‌ಡೌನ್ ಮಾಡಿ. ಸಿಸ್-ಯುಎಸ್‌ಬಿ ಓಡುತ್ತಿರಲಿ, ಡಿಸ್ಕ್ ಅಲ್ಲಿದೆಯಲ್ಲ.

ಡಿಸ್ಕ್ ಬಗ್ಗೆಯೂ ಒಂದು ಎಚ್ಚರಿಕೆ. ಬ್ಯಾಕಪ್ ಒಂದೇ ದೊಡ್ಡ ಫೈಲ್ ಆಗಿ ಬರುತ್ತದೆ. ಪೆನ್‌ಡ್ರೈವ್‌ಗಳಲ್ಲಿ ಫ್ಯಾಟ್32 ಎಂಬ ಫಾರ್ಮ್ಯಾಟ್ ಇದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಸುವುದಿಲ್ಲ. ರಾತ್ರಿ ಹಚ್ಚಿ ಮಲಗಿದರೆ ಬೆಳಗ್ಗೆ ತಪ್ಪು ಸಂದೇಶ ಕಾಣುತ್ತದೆ. ಎಕ್ಸ್‌ಟಿ4 ಅಥವಾ ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿಕೊಳ್ಳಿ. ಮುಗಿದ ಮೇಲೆ ಡಿಸ್ಕ್ ಕಳಚಿ ಇಡಿ. ತುಲಾ ತಿಂಗಳ ಸಂಜೆಯ ಸಿಡಿಲು ನಮ್ಮ ಕಡೆ ಮೋಡೆಮ್, ಟಿವಿಗಳನ್ನು ಹೇಗೆ ಸುಡುತ್ತದೆ ಎಂದು ಹೇಳಬೇಕಾಗಿಲ್ಲ. ಲ್ಯಾಪ್‌ಟಾಪ್‌ಗೆ ಚುಚ್ಚಿಯೇ ಇಟ್ಟ ಡಿಸ್ಕ್ ಲ್ಯಾಪ್‌ಟಾಪ್ ಜೊತೆಗೇ ಹೋಗುತ್ತದೆ.

ಒಂದು ಪ್ರತಿ ಮನೆಯ ಹೊರಗೆ ಇರಲೇಬೇಕು. ಇಲ್ಲಿ ಕ್ಯೂಬ್ಸ್ ಮಾಡಿಕೊಟ್ಟ ಉಪಕಾರ ದೊಡ್ಡದು. ಒಳಗೇ ಎನ್‌ಕ್ರಿಪ್ಟ್ ಆದ ಫೈಲ್ ಆದ್ದರಿಂದ ಇಡುವ ಜಾಗವನ್ನು ನಂಬಬೇಕಾಗಿಲ್ಲ. ಮಂಗಳೂರಿನಲ್ಲಿರುವ ಅಕ್ಕನ ಮನೆಯ ಕಪಾಟಿನಲ್ಲಿಡಿ. ಕ್ಲೌಡ್‌ಗೆ ಏರಿಸಿದರೂ ಆದೀತು. ನೋಡಿದವರಿಗೆ ಏನು ಕಾಣುತ್ತದೆ? ಬ್ಯಾಕಪ್ ಯಾವಾಗ ಮಾಡಿದಿರಿ, ಎಷ್ಟು ಕ್ಯೂಬ್ ಉಂಟು, ಒಂದೊಂದು ಎಷ್ಟು ದೊಡ್ಡದು, ಇಷ್ಟು ಕಾಣುತ್ತದೆ. ಕ್ಯೂಬ್‌ಗಳ ಹೆಸರು ಕಾಣುವುದಿಲ್ಲ. ಒಳಗಿನದ್ದಂತೂ ಇಲ್ಲವೇ ಇಲ್ಲ. ಆದರೆ ಇಟ್ಟುಕೊಂಡವರು ಅದನ್ನು ಅಳಿಸಬಹುದು. ಹೊಸದು ಕೇಳಿದರೆ ನಿಮ್ಮದೇ ಹಳೇ ಬ್ಯಾಕಪ್ ಕೊಡಬಹುದು. ಹಳೆಯದು ಕೂಡ ನಿಮ್ಮ ಪಾಸ್‌ಫ್ರೇಸ್‌ನದ್ದೇ ಆದ್ದರಿಂದ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಹಾಗಾಗಿ ಪ್ರತಿಗಳು ಎರಡು ಕಡೆ ಇರಲಿ. ರೀಸ್ಟೋರ್ ಆದ ಮೇಲೆ ಕೊನೆಯ ಫೈಲ್‌ನ ತಾರೀಕು ನೋಡಿ.

ಬ್ಯಾಕಪ್ ಆದ ಕೂಡಲೇ ಪರೀಕ್ಷಿಸುವ ಸೌಲಭ್ಯ ಕ್ಯೂಬ್ಸ್‌ನಲ್ಲೇ ಇದೆ. ರೀಸ್ಟೋರ್ ಕಿಟಕಿಯಲ್ಲಿ ‘ಪರೀಕ್ಷೆ ಮಾತ್ರ, ಡಾಟಾ ವಾಪಸ್ ತರಬೇಡ’ ಎಂಬ ಆಯ್ಕೆ ಉಂಟು. ಅದು ಫೈಲ್ ಪೂರ್ತಿ ಓದಿ, ಡೀಕ್ರಿಪ್ಟ್ ಮಾಡಿ, ಎಲ್ಲ ತುಂಡೂ ಸರಿ ಇದೆಯಾ ಎಂದು ಹೇಳುತ್ತದೆ. ಪ್ರತಿ ಸಲವೂ ಮಾಡಿ. ಅರ್ಧ ಗಂಟೆ ಹೋದರೆ ಹೋಗಲಿ. ಆದರೆ ನಿಮಗೆ ಬೇಕಾದ ಫೈಲ್ ಒಳಗೆ ಉಂಟಾ ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ. ಆಗ ಹೇಳಿದೆನಲ್ಲ, ಓಡುತ್ತಿದ್ದ ಕ್ಯೂಬ್‌ನ ಕತೆ. ಆ ಹಳೇ ಸ್ಥಿತಿಯ ಬ್ಯಾಕಪ್ ಕೂಡ ಈ ಪರೀಕ್ಷೆಯಲ್ಲಿ ಗೆಲ್ಲುತ್ತದೆ. ಆದ್ದರಿಂದ ಆಗಾಗ ಒಂದು ಕ್ಯೂಬ್ ಅನ್ನು ನಿಜವಾಗಿ ವಾಪಸ್ ತನ್ನಿ. ಅದೇ ಹೆಸರಿನದ್ದು ಈಗಾಗಲೇ ಇದ್ದರೆ ಬೇರೆ ಹೆಸರಿನಲ್ಲಿ ತರುವ ಆಯ್ಕೆ ಉಂಟು. ತೆರೆದು ಹೋದ ವಾರ ಬರೆದದ್ದು ಇದೆಯಾ ನೋಡಿ, ಅಳಿಸಿ.

ನಿಮ್ಮ ಹಳೇ ಲ್ಯಾಪ್‌ಟಾಪ್‌ನ ಡಾಮ್‌ಝೀರೋಗೇ ಯಾರೋ ನುಗ್ಗಿದ್ದರು ಎಂಬ ಗುಮಾನಿ ಇದ್ದರೆ ಆಗ? ಆ ಬ್ಯಾಕಪ್ ಪಾಸ್‌ಫ್ರೇಸ್ ಪರೀಕ್ಷೆ ಗೆದ್ದರೂ ನಂಬುವಂತಿಲ್ಲ. ಅದಕ್ಕೆ 4.1 ಆವೃತ್ತಿಯಿಂದ ಒಂದು ದಾರಿ ಇಟ್ಟಿದ್ದಾರೆ. ‘ಪ್ಯಾರನಾಯ್ಡ್ ಮೋಡ್’ ಎಂದು ಕರೆಯುತ್ತಾರೆ. ಬಿಚ್ಚುವ ಕೆಲಸ ಡಾಮ್‌ಝೀರೋದಲ್ಲಿ ನಡೆಯದೆ, ಕೆಲಸ ಮುಗಿದ ಮೇಲೆ ಎಸೆದುಬಿಡುವ ಕ್ಯೂಬ್‌ನಲ್ಲಿ ನಡೆಯುತ್ತದೆ. ಡಾಮ್‌ಝೀರೋದ ಹೋಮ್ ಫೋಲ್ಡರ್ ವಾಪಸ್ ಬರುವುದಿಲ್ಲ. ಅಂಥ ಹೊತ್ತಿನಲ್ಲಿ ಅದು ಬಾರದಿರುವುದೇ ಒಳ್ಳೆಯದು.

ಕಾಲದ ವಿಚಾರಕ್ಕೆ ಬರುತ್ತೇನೆ. ನಮ್ಮ ಜಿಲ್ಲೆಗಿಂತ ಚೆನ್ನಾಗಿ ಇದು ಬೇರೆ ಯಾರಿಗೆ ಅರ್ಥವಾದೀತು? ಗೇರು ತೋಟಗಳ ಮೇಲೆ ಆಕಾಶದಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿಯುವುದು ನಿಂತದ್ದು 2000ದ ಹೊತ್ತಿಗೆ. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಿ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2017ರಲ್ಲಿ. ಎಣ್ಮಕಜೆ ಕಡೆಯ ತಾಯಂದಿರು ಆಸ್ಪತ್ರೆ ಚೀಟಿಗಳನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿ ವರ್ಷಾನುಗಟ್ಟಲೆ ಕಾಪಾಡಬೇಕಾಯಿತು. ಮಗುವಿನ ಕಾಯಿಲೆಯ ದಾಖಲೆ ಗುಟ್ಟಾಗಿಯೂ ಇರಬೇಕು, ಇಪ್ಪತ್ತು ವರ್ಷ ಬಿಟ್ಟು ಓದಲೂ ಬರಬೇಕು. ಇವತ್ತು ಅಂಥದ್ದನ್ನು ಸ್ಕ್ಯಾನ್ ಮಾಡಿ ಇಟ್ಟುಕೊಂಡವರು ಕೇಳಬೇಕಾದ ಪ್ರಶ್ನೆ: ಅಷ್ಟು ವರ್ಷ ಆದ ಮೇಲೆ ಕ್ಯೂಬ್ಸ್ ಓಎಸ್ ಇಲ್ಲದೇ ಹೋದರೆ?

ಕ್ಯೂಬ್ಸ್‌ನವರು ಇದಕ್ಕೂ ಉತ್ತರ ಇಟ್ಟಿದ್ದಾರೆ. ಬ್ಯಾಕಪ್ ಫೈಲ್‌ನೊಳಗೆ ಯಾವ ಗೂಢ ರೂಪವೂ ಇಲ್ಲ. ಹೊರಗಿನದ್ದು ಹಲವು ಫೈಲ್‌ಗಳನ್ನು ಒಂದು ಕಟ್ಟು ಮಾಡುವ ಟಾರ್. ಬೀಗ ಎಸ್‌ಕ್ರಿಪ್ಟ್. ಕುಗ್ಗಿಸಿದ್ದು ಜಿಜಿಪ್‌ನಂಥ ಸಾಮಾನ್ಯ ಪ್ರೋಗ್ರಾಮ್. ಮೂರೂ ಯಾವುದೇ ಲಿನಕ್ಸ್‌ನಲ್ಲಿ ಸಿಗುವ ಸಾಧನಗಳು. ಕ್ಯೂಬ್ಸ್ ಇಲ್ಲದ ಕಂಪ್ಯೂಟರ್‌ನಲ್ಲಿ ಕೈಯಿಂದ ಬಿಚ್ಚುವುದು ಹೇಗೆ ಎಂದು ಹಂತ ಹಂತವಾಗಿ ಬರೆದ ಕೈಪಿಡಿಯನ್ನೂ ಕೊಟ್ಟಿದ್ದಾರೆ. ಅದನ್ನು ಪ್ರಿಂಟ್ ತೆಗೆದು ಡಿಸ್ಕ್ ಜೊತೆ ಇಡಿ. ಎಸ್‌ಕ್ರಿಪ್ಟ್‌ನ ಮೂಲ ಕೋಡ್‌ನ ಒಂದು ಪ್ರತಿಯನ್ನೂ ಅದೇ ಡಿಸ್ಕ್‌ನಲ್ಲಿ ಹಾಕಿ. ಡಿಸ್ಕ್ ಅಷ್ಟು ವರ್ಷ ಬದುಕುವುದಿಲ್ಲ, ಕೆಲವು ವರ್ಷಕ್ಕೊಮ್ಮೆ ಹೊಸದಕ್ಕೆ ಪ್ರತಿ ಮಾಡಲೇಬೇಕು.

ಎಷ್ಟು ದಿನಕ್ಕೊಮ್ಮೆ ಮಾಡಬೇಕು ಎಂದು ಹಿಂದಿನ ಸಾಲಿನಿಂದ ಕೇಳಿದರು. ಒಂದು ವಾರದ ಕೆಲಸ ಹೋದರೆ ತಡೆದುಕೊಳ್ಳಬಲ್ಲಿರಾದರೆ ವಾರಕ್ಕೊಮ್ಮೆ. ಇದರಲ್ಲಿರುವ ತೊಂದರೆ ಏನೆಂದರೆ, ಕ್ಯೂಬ್ಸ್‌ನ ಸ್ವಂತ ಬ್ಯಾಕಪ್ ಪ್ರತಿ ಸಲ ಪೂರ್ತಿ ಪ್ರತಿ ತೆಗೆಯುತ್ತದೆ. ಬದಲಾದದ್ದನ್ನು ಮಾತ್ರ ತೆಗೆಯಲು ಅದಕ್ಕೆ ಬರುವುದಿಲ್ಲ. 200 ಜಿಬಿ ಇದ್ದರೆ ಪ್ರತಿ ಸಲವೂ 200 ಜಿಬಿ ಓದಲೇಬೇಕು. ಬದಲಾದದ್ದನ್ನು ಮಾತ್ರ ತೆಗೆಯುವ ‘ವಿಂಗ್’ ಎಂಬ ಬೇರೆ ಸಾಧನ ಉಂಟು, ಅದು ಹೊರಗಿನವರು ಮಾಡಿದ್ದು. ಕಮ್ಯಾಂಡ್ ಹೊಡೆದು ಅಭ್ಯಾಸ ಇರುವವರು ನೋಡಬಹುದು. ಉಳಿದವರಿಗೆ ನನ್ನ ಸಲಹೆ ಇಷ್ಟು. ದೊಡ್ಡ ವಿಡಿಯೊಗಳನ್ನು ಬೇರೆ ಕ್ಯೂಬ್‌ಗೆ ಹಾಕಿ ಅಪರೂಪಕ್ಕೆ ಬ್ಯಾಕಪ್ ಮಾಡಿ. ವಾಲ್ಟ್ ಮತ್ತು ಕಚೇರಿಯ ಕ್ಯೂಬ್ ಚಿಕ್ಕದಿದ್ದರೆ ಕಾಫಿ ಕುಡಿಯುವಷ್ಟರಲ್ಲಿ ಮುಗಿಯುತ್ತದೆ.

ಕೊನೆಯ ಪ್ರಶ್ನೆ ಒಬ್ಬ ಅಕ್ಕ ಕೇಳಿದ್ದು. ‘ನನಗೆ ಏನಾದರೂ ಆದರೆ ಮನೆಯವರಿಗೆ ಇದನ್ನು ತೆರೆಯಲು ಆಗುವುದು ಹೇಗೆ?’ ಪಾಸ್‌ಫ್ರೇಸ್ ಇಲ್ಲದೆ ಯಾರಿಗೂ ಆಗುವುದಿಲ್ಲ. ಮರುಹೊಂದಿಸುವ ಗುಂಡಿ ಇಲ್ಲ, ಫೋನ್ ಮಾಡಿ ಕೇಳಲು ಕಂಪನಿಯೂ ಇಲ್ಲ. ಹಾಗಾಗಿ ಕಾಗದದಲ್ಲಿ ಬರೆದು, ಲಕೋಟೆ ಅಂಟಿಸಿ, ನಂಬಿಕೆಯವರ ಕೈಗೆ ಕೊಡಿ. ಡಿಸ್ಕ್ ಇರುವ ಮನೆ ಬೇರೆ, ಲಕೋಟೆ ಇರುವ ಮನೆ ಬೇರೆ ಆಗಿರಲಿ. ಡಿಸ್ಕ್ ಇಟ್ಟುಕೊಂಡವರನ್ನು ನಂಬಬೇಕಾಗಿಲ್ಲ ಅಂದೆ. ಲಕೋಟೆ ಇಟ್ಟುಕೊಂಡವರನ್ನು ಮಾತ್ರ ಪೂರ್ತಿ ನಂಬಬೇಕಾಗುತ್ತದೆ. ಆ ಲಕೋಟೆ ಒಡೆದಿದೆ ಎಂಬ ಸಂಶಯ ಬಂದರೆ ಹೊಸ ಪಾಸ್‌ಫ್ರೇಸ್‌ನಿಂದ ಹೊಸ ಬ್ಯಾಕಪ್ ಮಾಡಿದರೆ ಸಾಲದು. ಹಳೆಯ ಬ್ಯಾಕಪ್‌ಗಳು ಹಳೆಯ ಪಾಸ್‌ಫ್ರೇಸ್‌ಗೇ ತೆರೆದುಕೊಳ್ಳುತ್ತವೆ. ಅಕ್ಕನ ಮನೆಯ ಡಿಸ್ಕ್, ಕ್ಲೌಡ್, ಮೇಜಿನ ಡ್ರಾಯರ್, ಎಲ್ಲೆಲ್ಲಿ ಹಳೆಯ ಪ್ರತಿ ಉಂಟೋ ಹುಡುಕಿ ಅಳಿಸಿ. ಕ್ಲೌಡ್‌ನಲ್ಲಿದ್ದ ಪ್ರತಿ ನಿಜವಾಗಿ ಅಳಿಯಿತೋ ಇಲ್ಲವೋ ಹೇಳಲು ಬಾರದು. ಹಾಗಾಗಿ ಆ ಬ್ಯಾಕಪ್‌ನೊಳಗಿದ್ದ ವಾಲ್ಟ್‌ನ ಪಾಸ್‌ವರ್ಡ್‌ಗಳನ್ನೂ ಒಂದೊಂದಾಗಿ ಬದಲಾಯಿಸಿ, ಬ್ಯಾಂಕಿನದ್ದು ಮೊದಲು.